ಭಾಷಣ ಕೊಟ್ಟ ನೆಪ

ಹಿಟ್ಲರ್‌ನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಸಿದ್ಧ ವಿವರಣೆ ಹೊರಬೀಳುತ್ತದೆ. ಅವನು ಮಹಾ ಮಾತುಗಾರ; ಮಾತಿನಲ್ಲೇ ಇಡೀ ಜರ್ಮನಿಗೆ ಮಂಕುಬೂದಿ ಎರಚಿದ; ಜನ ಮೈಮರೆತು ಅವನ ಹಿಂದೆ ಹೋದರು; ಅರವತ್ತು ಲಕ್ಷ ಯಹೂದಿಗಳ ಕೊಲೆ ನಡೆದುಹೋಯಿತು. ಚರ್ಚಾಸ್ಪರ್ಧೆಗೆ ತಯಾರಾಗುವ ಕಾಲೇಜು ಹುಡುಗರಿಂದ ಹಿಡಿದು ನಿವೃತ್ತ ಮೇಷ್ಟ್ರುಗಳವರೆಗೆ ಹಲವರ ಬಾಯಲ್ಲಿ ಇದೇ ಮಾತು. ಕೆಲವರ ದನಿಯಲ್ಲಿ ಖಂಡನೆಯ ಜೊತೆಗೆ ಒಂದು ಚೂರು ಮೆಚ್ಚುಗೆಯೂ ಬೆರೆತಿರುತ್ತದೆ, ಅದಿರಲಿ. ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಮಂಕು ಕವಿದವನ ಮೇಲೆ ಯಾರೂ ಹೊಣೆ ಹೊರಿಸುವಂತಿಲ್ಲ; ಅಪರಾಧದಲ್ಲಿ ಕೈ ಸೇರಿಸಿದವರಿಗೆ ಇದಕ್ಕಿಂತ ಅನುಕೂಲವಾದ ವಿವರಣೆ ಬೇರೆ ಸಿಗಲಾರದು. ಯುದ್ಧಕಾಲದ ಆ ಭಾಷಣಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಕಾಣುವುದೇ ಬೇರೆ. ಅವು ಕೇಳುಗರ ಬುದ್ಧಿಯನ್ನು ಕಸಿದುಕೊಳ್ಳಲಿಲ್ಲ. ಆ ಬುದ್ಧಿ ಒಪ್ಪಿಕೊಳ್ಳಬಹುದಾದ ಒಂದು ಕಾರಣವನ್ನು ಕೈಗಿತ್ತವು. ಆತ್ಮರಕ್ಷಣೆ ಎಂಬ ಕಾರಣ.

ಮೊದಲು ಮೋಡಿಯ ಲೆಕ್ಕ ನೋಡೋಣ. 1932ರಲ್ಲಿ ಹಿಟ್ಲರ್ ವಿಮಾನದಲ್ಲಿ ಊರಿಂದೂರಿಗೆ ಹಾರಿ, ಒಂದೇ ದಿನ ಹಲವು ಕಡೆ ಭಾಷಣ ಮಾಡಿದ. ಆ ವರ್ಷ ಜುಲೈ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದದ್ದು ಶೇಕಡಾ 37.3 ಮತ. ನವೆಂಬರ್‌ನಲ್ಲಿ ಅದು 33.1ಕ್ಕೆ ಇಳಿಯಿತು. ಮುಕ್ತ ಚುನಾವಣೆಯಲ್ಲಿ ಅವನಿಗೆ ಬಹುಮತ ಸಿಗಲೇ ಇಲ್ಲ. ಅಧಿಕಾರ ದಕ್ಕಿದ್ದು 1933ರ ಜನವರಿ 30ರಂದು, ಅಧ್ಯಕ್ಷ ಹಿಂಡೆನ್‌ಬರ್ಗ್ ಸುತ್ತಲಿನ ಬಲಪಂಥೀಯ ಮುಖಂಡರ ಒಳಒಪ್ಪಂದದಿಂದ. ಎದುರಾಳಿಗಳನ್ನು ಜೈಲಿಗೆ ತಳ್ಳಿ, ಬೀದಿಗಳಲ್ಲಿ ಗೂಂಡಾಪಡೆ ಬಿಟ್ಟು ನಡೆಸಿದ ಮಾರ್ಚ್ ಚುನಾವಣೆಯಲ್ಲೂ 43.9ರ ಗಡಿ ದಾಟಲಾಗಲಿಲ್ಲ. ಶತಮಾನದ ಮಾಂತ್ರಿಕ ಎನಿಸಿಕೊಂಡವನ ಮಂತ್ರಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಸಿಕ್ಕಿಬೀಳಲಿಲ್ಲ ಎಂದಾಯಿತು.

ಬರೀ ದ್ವೇಷದ ಭಾಷಣ ಎಲ್ಲಿಯವರೆಗೆ ಓಡುತ್ತದೆ ಎಂಬುದಕ್ಕೂ ಒಂದು ಪರೀಕ್ಷೆ ನಡೆದಿತ್ತು. 1938ರ ನವೆಂಬರ್ 9ರ ರಾತ್ರಿ ಮ್ಯೂನಿಕ್‌ನ ಹಳೆಯ ಪುರಭವನದಲ್ಲಿ ಪಕ್ಷದ ಹಳಬರ ಮುಂದೆ ಪ್ರಚಾರ ಸಚಿವ ಗೋಬೆಲ್ಸ್ ಮಾತಾಡಿದ. ಅಲ್ಲಿಂದೆದ್ದ ಮುಖಂಡರು ಊರೂರಿಗೆ ಫೋನು ಮಾಡಿದರು. ಬೆಳಗಾಗುವುದರಲ್ಲಿ ದೇಶದ ತುಂಬ ಸಿನಗಾಗ್‌ಗಳು ಉರಿಯುತ್ತಿದ್ದವು, ಅಂಗಡಿಗಳ ಗಾಜು ಬೀದಿಯಲ್ಲಿ ಚೆಲ್ಲಿತ್ತು, ಸುಮಾರು 30,000 ಯಹೂದಿ ಗಂಡಸರನ್ನು ಹಿಡಿದು ಶಿಬಿರಗಳಿಗೆ ಸಾಗಿಸಲಾಯಿತು. ದ್ವೇಷ ಈಗಾಗಲೇ ತುಂಬಿಕೊಂಡಿದ್ದವರಿಗೆ ಆ ಭಾಷಣ ಸಾಕಾಯಿತು. ಆದರೆ ಬೀದಿಯ ಸಾಮಾನ್ಯ ಜನರಿಗೆ ಇದು ಹಿಡಿಸಲಿಲ್ಲ ಎಂದು ಆಡಳಿತದ ಗುಪ್ತ ವರದಿಗಳೇ ಹೇಳಿದವು. ಅವರ ಬೇಸರಕ್ಕೆ ಕಾರಣ ಮನುಷ್ಯರಿಗಾದ ಹಿಂಸೆಯೋ ಹಾಳಾದ ಸರಕೋ ಎಂದು ಕೇಳಿದರೆ ಹಲವೆಡೆ ಉತ್ತರ ಮುಜುಗರ ತರುವಂಥದ್ದು. ಅದೇನೇ ಇದ್ದರೂ ಆಡಳಿತ ಒಂದು ಪಾಠ ಕಲಿಯಿತು. ಕೋಟ್ಯಂತರ ಜನರ ಸಮ್ಮತಿ ಬೇಕಾದರೆ, ಕೊನೆಪಕ್ಷ ಮೌನ ಬೇಕಾದರೆ, ದ್ವೇಷವೊಂದೇ ಸಾಲದು. ನ್ಯಾಯದಂತೆ ಕಾಣುವ ಏನಾದರೂ ಬೇಕು.

ಅದು ಸಿಕ್ಕಿದ್ದು ಎರಡೂವರೆ ತಿಂಗಳ ನಂತರ. 1939ರ ಜನವರಿ 30, ಹಿಟ್ಲರ್ ಅಧಿಕಾರಕ್ಕೆ ಬಂದ ಆರನೇ ವರ್ಷಾಚರಣೆ. ಸಂಸತ್ ಭವನ ಸುಟ್ಟುಹೋಗಿದ್ದರಿಂದ ಬರ್ಲಿನ್‌ನ ಕ್ರೋಲ್ ಒಪೆರಾ ರಂಗಮಂದಿರದಲ್ಲಿ ಅಧಿವೇಶನ. ಎರಡು ಗಂಟೆಗೂ ಮೀರಿದ ಆ ಭಾಷಣದ ಬಹುಪಾಲು ಆರ್ಥಿಕತೆ, ವಿದೇಶಾಂಗ ನೀತಿ, ಸ್ವಪ್ರಶಂಸೆ. ನಡುವೆ ಒಂದು ಚಿಕ್ಕ ಭಾಗದಲ್ಲಿ ಹಿಟ್ಲರ್ ತಾನು ಪ್ರವಾದಿಯಂತೆ ಹೇಳುತ್ತಿರುವುದಾಗಿ ಹೇಳಿ, ಯುರೋಪಿನ ಒಳಗೂ ಹೊರಗೂ ಇರುವ ಯಹೂದಿ ಬಂಡವಾಳಶಾಹಿ ರಾಷ್ಟ್ರಗಳನ್ನು ಇನ್ನೊಂದು ಮಹಾಯುದ್ಧಕ್ಕೆ ದೂಡಿದರೆ, ಫಲ ಯುರೋಪಿನ ಯಹೂದಿ ಜನಾಂಗದ ನಾಶವಾಗಿರುತ್ತದೆ ಎಂದ. ಸುದ್ದಿಚಿತ್ರಗಳು ಆ ತುಣುಕನ್ನು ಥಿಯೇಟರುಗಳಲ್ಲಿ ತೋರಿಸಿದವು. ಮರುವರ್ಷ ಬಂದ ‘ಡೇರ್ ಏವಿಗೆ ಯೂಡೆ’ ಎಂಬ ಪ್ರಚಾರಚಿತ್ರದಲ್ಲೂ ಅದನ್ನು ಸೇರಿಸಲಾಯಿತು.

ಆ ವಾಕ್ಯದ ಕಟ್ಟೋಣವನ್ನು ಸ್ವಲ್ಪ ನಿಂತು ನೋಡಬೇಕು. ‘ನಾವು ಕೊಲ್ಲುತ್ತೇವೆ’ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ‘ಅವರು ಹೀಗೆ ಮಾಡಿದರೆ ಹೀಗಾಗುತ್ತದೆ’ ಎಂದಷ್ಟೇ ಇದೆ. ಮೊದಲ ಏಟು ಎದುರಿನವನದು; ನಮ್ಮದು ಬರೀ ಪರಿಣಾಮ. ಈ ‘ಅವರು’ ಯಾರು? 1933ರಲ್ಲಿ ಜರ್ಮನಿಯ ಜನಸಂಖ್ಯೆಯಲ್ಲಿ ಯಹೂದಿಗಳ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ, ಸುಮಾರು ಐದು ಲಕ್ಷ. 1939ರ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಜನ ದೇಶ ಬಿಟ್ಟಿದ್ದರು. ಉಳಿದವರಿಗೆ ಪೌರತ್ವ ಇರಲಿಲ್ಲ, ಕಸುಬು ಇರಲಿಲ್ಲ, ನವೆಂಬರ್‌ನ ಹಿಂಸಾಚಾರಕ್ಕೆ ಅವರ ಮೇಲೆಯೇ ನೂರು ಕೋಟಿ ಮಾರ್ಕ್ ದಂಡ ಹೇರಲಾಗಿತ್ತು. ಇಂಥವರು ಯುರೋಪಿನ ಅತಿ ದೊಡ್ಡ ಸೇನೆಯೊಂದರ ಒಡೆಯನನ್ನು ಯುದ್ಧಕ್ಕೆ ದೂಡುತ್ತಾರೆ ಎಂಬುದು ಆರೋಪ. ಯುದ್ಧ ಶುರು ಮಾಡಬೇಕೆಂದು ಹೊರಟಿದ್ದವನು ಹಿಟ್ಲರ್ ತಾನೇ. ಏಳು ತಿಂಗಳ ನಂತರ ಪೋಲೆಂಡಿನ ಮೇಲೆ ಬಿದ್ದವನೂ ಅವನೇ. ಅಂದರೆ ಶರತ್ತನ್ನು ಹಾಕಿದವನೇ ಶರತ್ತನ್ನು ಪೂರೈಸಿದ, ದಂಡನೆ ಮಾತ್ರ ಬೇರೆಯವರಿಗೆ.

ಇಲ್ಲಿ ಇನ್ನೊಂದು ಸಣ್ಣ ವಿಷಯವಿದೆ. ಯುದ್ಧ ನಡೆಯುತ್ತಿರುವಾಗ ಹಿಟ್ಲರ್ ಈ ‘ಭವಿಷ್ಯವಾಣಿ’ಯನ್ನು ಮತ್ತೆ ಮತ್ತೆ ನೆನಪಿಸಿದ. ಹಾಗೆ ನೆನಪಿಸಿದಾಗ ಅವನು ಕೊಟ್ಟ ತಾರೀಖು 1939ರ ಸೆಪ್ಟೆಂಬರ್ 1, ಯುದ್ಧ ಶುರುವಾದ ದಿನ. ಮರೆವು ಎಂದು ಒಮ್ಮೆ ಬಿಡಬಹುದಿತ್ತು. ಪದೇ ಪದೇ ಅದೇ ತಪ್ಪು. ನಿಜವಾದ ತಾರೀಖು ಹೇಳಿದ್ದರೆ ಅದು ಶಾಂತಿಕಾಲದಲ್ಲಿ ಹಾಕಿದ ಬೆದರಿಕೆಯಾಗಿ ಕೇಳಿಸುತ್ತಿತ್ತು. ಸೆಪ್ಟೆಂಬರ್ 1 ಎಂದಾಗ ಅದು ಯುದ್ಧಕ್ಕೆ ಕೊಟ್ಟ ಉತ್ತರವಾಗಿ ಕೇಳಿಸುತ್ತದೆ. ಇತಿಹಾಸಕಾರ ಜೆಫ್ರಿ ಹರ್ಫ್ ನಾಜಿ ಪ್ರಚಾರದ ಕುರಿತ ತನ್ನ ಅಧ್ಯಯನದಲ್ಲಿ ಹೇಳುವುದು ಇದನ್ನೇ: ಮಿತ್ರರಾಷ್ಟ್ರಗಳ ಮೇಲಿನ ಯುದ್ಧ ಮತ್ತು ಯಹೂದಿಗಳ ನಾಶ ಅವರ ಮಾತಿನಲ್ಲಿ ಎರಡಾಗಿರಲಿಲ್ಲ, ಒಂದೇ ರಕ್ಷಣಾಯುದ್ಧದ ಎರಡು ರಂಗಗಳಾಗಿದ್ದವು.

ಆತ್ಮರಕ್ಷಣೆಯ ವಾದಕ್ಕೆ ಪುರಾವೆ ಬೇಕಲ್ಲ. ಅದನ್ನೂ ಹುಡುಕಿ ತಂದರು. 1939ರ ಆಗಸ್ಟ್ ಕೊನೆಯಲ್ಲಿ ಜಿಯೋನಿಸ್ಟ್ ನಾಯಕ ಚೈಮ್ ವೈಜ್‌ಮನ್ ಬ್ರಿಟನ್ನಿನ ಪ್ರಧಾನಿಗೆ ಪತ್ರ ಬರೆದು, ಯುದ್ಧವಾದರೆ ಯಹೂದಿಗಳು ಬ್ರಿಟನ್ನಿನ ಕಡೆ ನಿಲ್ಲುತ್ತಾರೆ ಎಂದಿದ್ದರು. ತಮ್ಮನ್ನು ಆರು ವರ್ಷದಿಂದ ತುಳಿಯುತ್ತಿದ್ದವರ ವಿರುದ್ಧ ನಿಲ್ಲುತ್ತೇವೆ ಎಂದ ಆ ಪತ್ರ ಬರ್ಲಿನ್ನಿನ ಬಾಯಲ್ಲಿ ‘ಯಹೂದಿಗಳ ಯುದ್ಧಘೋಷಣೆ’ ಆಯಿತು. ಎರಡನೆಯ ಪುರಾವೆ ಇನ್ನೂ ವಿಚಿತ್ರ. 1941ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಬ್ಬ ಸಣ್ಣ ವ್ಯಾಪಾರಿ, ಹೆಸರೇ ಕೇಳದ ಆಸಾಮಿ, ‘ಜರ್ಮನಿ ಮಸ್ಟ್ ಪೆರಿಶ್’ ಎಂಬ ಪುಸ್ತಿಕೆಯನ್ನು ತನ್ನದೇ ದುಡ್ಡಿನಲ್ಲಿ ಅಚ್ಚು ಹಾಕಿಸಿದ. ಜರ್ಮನ್ನರಿಗೆಲ್ಲ ಸಂತಾನಹರಣ ಮಾಡಬೇಕೆಂಬ ತಲೆಕೆಟ್ಟ ಸಲಹೆ ಅದರಲ್ಲಿತ್ತು. ಅಮೆರಿಕದಲ್ಲಿ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಗೋಬೆಲ್ಸ್ ತೆಗೆದುಕೊಂಡ. ಆ ವ್ಯಾಪಾರಿ ನಾಜಿ ಪತ್ರಿಕೆಗಳಲ್ಲಿ ರಾತ್ರೋರಾತ್ರಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ನ ಸಲಹೆಗಾರನಾದ. ಅವನ ಪುಸ್ತಿಕೆಯ ಉದ್ಧರಣೆಗಳಿದ್ದ ಕಿರುಹೊತ್ತಗೆ ಜರ್ಮನಿಯ ತುಂಬ ಹಂಚಿಕೆಯಾಯಿತು. ಎದುರು ಪಕ್ಷದ ಮೂಲೆಯಲ್ಲಿದ್ದ ಒಬ್ಬ ಹುಚ್ಚನನ್ನು ಹಿಡಿದು ಇಡೀ ಜನಾಂಗದ ವಕ್ತಾರನನ್ನಾಗಿ ಮಾಡುವ ಈ ಕಸರತ್ತು ಬರ್ಲಿನ್ನಿಗೆ ತುಂಬಾ ಕೆಲಸಕ್ಕೆ ಬಂತು.

ಎಷ್ಟು ಕೆಲಸಕ್ಕೆ ಬಂತು ಎಂಬುದು ಆ ವರ್ಷದ ನವೆಂಬರ್ 16ರ ‘ದಾಸ್ ರೈಖ್’ ವಾರಪತ್ರಿಕೆಯಲ್ಲಿ ಕಾಣುತ್ತದೆ. ಸೆಪ್ಟೆಂಬರ್ 19ರಿಂದ ಆರು ವರ್ಷ ತುಂಬಿದ ಪ್ರತಿ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡು ಓಡಾಡಬೇಕಿತ್ತು. ಅಕ್ಟೋಬರ್ 18ರಂದು ಬರ್ಲಿನ್ನಿನಿಂದ ಗಡೀಪಾರಿನ ಮೊದಲ ರೈಲು ಹೊರಟಿತ್ತು. ಪಕ್ಕದ ಮನೆಯ ಮುದುಕಿ ನಕ್ಷತ್ರ ತೊಟ್ಟು ಹೋಗುವುದನ್ನು ಕಂಡು ಕೆಲವರ ಕರುಳು ಚುರುಕ್ ಎಂದಿದ್ದಿರಬೇಕು. ಇಲ್ಲದಿದ್ದರೆ ಪ್ರಚಾರ ಸಚಿವ ಆ ಕರುಣೆಯ ವಿರುದ್ಧ ಅಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ. ಯಹೂದಿಗಳೇ ತಪ್ಪಿತಸ್ಥರು ಎಂಬ ತಲೆಬರಹದ ಆ ಲೇಖನದಲ್ಲಿ ಗೋಬೆಲ್ಸ್ ಹೇಳಿದ್ದು: ನಕ್ಷತ್ರ ಹೊತ್ತ ಮುದುಕಿಯನ್ನು ನೋಡಿ ಕನಿಕರಪಡುವವರು, ಅವಳ ದೂರದ ಸಂಬಂಧಿಯೊಬ್ಬ ಅಮೆರಿಕದಲ್ಲಿ ಕೂತು ಜರ್ಮನ್ನರ ಸಂತಾನಹರಣದ ಯೋಜನೆ ಹಾಕಿದ್ದಾನೆ ಎಂಬುದನ್ನು ಮರೆಯಬಾರದು. ಪ್ರತಿ ಜರ್ಮನ್ ಸೈನಿಕನ ಸಾವೂ ಯಹೂದಿಗಳ ಲೆಕ್ಕಕ್ಕೆ ಜಮೆ. ಹಿಟ್ಲರ್‌ನ ಭವಿಷ್ಯವಾಣಿ ಈಗ ನಿಜವಾಗುತ್ತಿದೆ. ಈ ಲೇಖನ ಬಾನುಲಿಯಲ್ಲೂ ಓದಲ್ಪಟ್ಟಿತು.

ನನಗೆ ಇಡೀ ಪ್ರಕರಣದ ಕೀಲಿ ಇಲ್ಲಿದೆ ಅನ್ನಿಸುತ್ತದೆ. ಗೋಬೆಲ್ಸ್ ಓದುಗನಿಗೆ ‘ಆ ಮುದುಕಿಯನ್ನು ದ್ವೇಷಿಸು’ ಎನ್ನುವುದಿಲ್ಲ. ಕಣ್ಣೆದುರು ನಡೆದುಹೋಗುವ ಮುದುಕಿಯನ್ನು ದ್ವೇಷಿಸುವುದು ಕಷ್ಟ ಎಂದು ಅವನಿಗೆ ಗೊತ್ತು. ಅವಳ ಹಿಂದೆ ಕಣ್ಣಿಗೆ ಬೀಳದ ಒಬ್ಬ ಶತ್ರುವನ್ನು ನಿಲ್ಲಿಸುತ್ತಾನೆ, ಅಷ್ಟೆ. ಕರುಣೆ ಹುಟ್ಟಬಾರದೆಂದಲ್ಲ, ಹುಟ್ಟಿದ ಕರುಣೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದು ಓದುಗನಿಗೆ ಮನವರಿಕೆಯಾಗಬೇಕು. ಓದುಗ ತನ್ನನ್ನು ತಾನು ಒಳ್ಳೆಯವನೆಂದೇ ತಿಳಿದುಕೊಂಡು ಕಿಟಕಿಯ ಪರದೆ ಎಳೆದುಕೊಳ್ಳಬಹುದು.

ಹಾಗಾದರೆ ಜನರಿಗೆ ಗೊತ್ತಿತ್ತೇ? ಸಭೆಗಳಲ್ಲಿ ಆಡಿದ ಮಾತುಗಳಲ್ಲಿ ನಾಶ ಎಂಬುದು ಮುಚ್ಚುಮರೆಯಿಲ್ಲದೆ ಇತ್ತು; ಹೇಗೆ, ಎಲ್ಲಿ, ಎಷ್ಟು ಜನ ಎಂಬುದು ಮಾತ್ರ ಇರಲಿಲ್ಲ. ಯಹೂದಿಗಳ ನಾಶವನ್ನು ಸಂಯೋಜಿಸಲು ಅಧಿಕಾರಿಗಳು ನಡೆಸಿದ ವಾನ್‌ಸೇ ಸಭೆ ಮುಗಿದ ಹತ್ತನೇ ದಿನ, 1942ರ ಜನವರಿ 30ರಂದು, ಬರ್ಲಿನ್ನಿನ ಸ್ಪೋರ್ಟ್‌ಪಲಾಸ್ಟ್‌ನಲ್ಲಿ ಹಿಟ್ಲರ್ ಭವಿಷ್ಯವಾಣಿಯನ್ನು ಮತ್ತೆ ಹೇಳಿದ. ಅದೇ ಜಾಗದಲ್ಲಿ ಸೆಪ್ಟೆಂಬರ್ 30ರಂದು, ಹಿಂದೆ ನನ್ನ ಮಾತಿಗೆ ನಕ್ಕ ಯಹೂದಿಗಳು ಇನ್ನೂ ನಗುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ ಎಂದು ಕುಹಕವಾಡಿದ. ಆ ಸಭೆಗೆ ಒಂಬತ್ತು ದಿನ ಮುಂಚೆಯಷ್ಟೇ ವಾರ್ಸಾ ಘೆಟ್ಟೋದ ಮಹಾ ಗಡೀಪಾರು ಮುಗಿದಿತ್ತು. ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಟ್ರೆಬ್ಲಿಂಕಾ ಶಿಬಿರಕ್ಕೆ ಸಾಗಿಸಿ ಕೊಂದಿದ್ದರು. ಕೇಳುಗನಿಗೆ ಟ್ರೆಬ್ಲಿಂಕಾದ ಹೆಸರು ಗೊತ್ತಿರಬೇಕಾಗಿರಲಿಲ್ಲ. ಏನೋ ಭಯಾನಕವಾದದ್ದು ನಡೆಯುತ್ತಿದೆ, ಅದಕ್ಕೊಂದು ಕಾರಣವಿದೆ, ಹೆಚ್ಚು ವಿಚಾರಿಸದಿರುವುದು ಲೇಸು ಎಂಬಷ್ಟು ತಿಳಿದರೆ ಸಾಕಿತ್ತು. ಇತಿಹಾಸಕಾರ ಇಯಾನ್ ಕೆರ್ಶಾ ಬವೇರಿಯಾದ ಜನಾಭಿಪ್ರಾಯವನ್ನು ಅಗೆದು ನೋಡಿದಾಗ ಹೆಚ್ಚಾಗಿ ಸಿಕ್ಕಿದ್ದು ಉರಿಯುವ ದ್ವೇಷವಲ್ಲ, ಉದಾಸೀನ.

ಒಮ್ಮೆ ಮಾತ್ರ ಪರದೆ ಜಾರಿತು. ಸ್ಟಾಲಿನ್‌ಗ್ರಾಡ್ ಸೋಲಿನ ನಂತರ, 1943ರ ಫೆಬ್ರವರಿ 18ರಂದು, ಸಮಗ್ರ ಯುದ್ಧಕ್ಕೆ ಕರೆ ಕೊಟ್ಟ ತನ್ನ ಹೆಸರುವಾಸಿ ಭಾಷಣದಲ್ಲಿ ಗೋಬೆಲ್ಸ್ ಯಹೂದಿಗಳ ಬಗ್ಗೆ ಹೇಳುತ್ತ ‘ನಿರ್ಮೂಲ’ ಎಂಬರ್ಥದ ಪದದ ಅರ್ಧ ಉಚ್ಚರಿಸಿ, ತಡೆದು, ಮೆತ್ತಗಿನ ಇನ್ನೊಂದು ಪದಕ್ಕೆ ಹೊರಳಿದ. ಧ್ವನಿಮುದ್ರಿಕೆಯಲ್ಲಿ ಅದು ಇಂದಿಗೂ ಕೇಳಿಸುತ್ತದೆ. ಒಂಬತ್ತು ದಿನದ ಮೇಲೆ ಬರ್ಲಿನ್ನಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಉಳಿದ ಯಹೂದಿಗಳನ್ನು ಕೆಲಸದ ಜಾಗದಿಂದಲೇ ಎತ್ತಿಕೊಂಡು ಹೋದರು.

ರಾಜಧಾನಿಯ ಮಾತು ಹೇಗೆ ಕೆಳಕ್ಕಿಳಿಯುತ್ತದೆ? 1941ರ ಡಿಸೆಂಬರ್ 11ರಂದು ಹಿಟ್ಲರ್ ಅಮೆರಿಕದ ಮೇಲೆ ಯುದ್ಧ ಸಾರಿದ. ಮರುದಿನ ಪಕ್ಷದ ಪ್ರಾಂತೀಯ ಮುಖ್ಯಸ್ಥರನ್ನು ಕೂಡಿಸಿ, ಮಹಾಯುದ್ಧ ಬಂದಾಯಿತು, ಇನ್ನು ಭವಿಷ್ಯವಾಣಿ ನಡೆಯಲೇಬೇಕು ಎಂದ. ಗೋಬೆಲ್ಸ್‌ನ ದಿನಚರಿಯಲ್ಲಿ ಇದು ದಾಖಲಾಗಿದೆ. ನಾಲ್ಕೇ ದಿನದಲ್ಲಿ, ಡಿಸೆಂಬರ್ 16ರಂದು, ಆಕ್ರಮಿತ ಪೋಲೆಂಡಿನ ಗವರ್ನರ್ ಹಾನ್ಸ್ ಫ್ರಾಂಕ್ ಕ್ರಾಕೋವ್‌ನಲ್ಲಿ ತನ್ನ ಅಧಿಕಾರಿಗಳ ಮುಂದೆ ಅದೇ ಭವಿಷ್ಯವಾಣಿಯನ್ನು ನೆನಪಿಸಿದ. ಇವರನ್ನು ಪೂರ್ವದಲ್ಲೆಲ್ಲೋ ನೆಲೆಗೊಳಿಸುತ್ತಾರೆ ಅಂದುಕೊಂಡಿರಾ? ನಮಗೇಕೆ ಈ ತೊಂದರೆ, ನೀವೇ ಮುಗಿಸಿಬಿಡಿ ಎಂದು ಬರ್ಲಿನ್ನಿನಲ್ಲಿ ಹೇಳಿದರು ಎಂದ. ಇಷ್ಟೊಂದು ಲಕ್ಷ ಜನರನ್ನು ಗುಂಡಿಟ್ಟು ಕೊಲ್ಲಲಾಗದು, ವಿಷ ಹಾಕಲಾಗದು, ಆದರೂ ಏನಾದರೊಂದು ಮಾಡಿ ನಾಶ ಮಾಡಲೇಬೇಕು. ಕನಿಕರವನ್ನು ಜರ್ಮನ್ ಜನರಿಗಷ್ಟೇ ಮೀಸಲಿಡಿ ಎಂದ. ಫ್ರಾಂಕ್ ಓದಿದ್ದು ಕಾನೂನು, ವೃತ್ತಿಯಲ್ಲಿ ವಕೀಲ. ತನ್ನ ಸಭೆಗಳ ನಡಾವಳಿಯನ್ನೆಲ್ಲ ದಿನಚರಿಯ ಸಂಪುಟಗಳಲ್ಲಿ ಅಚ್ಚುಕಟ್ಟಾಗಿ ಬರೆಸಿಟ್ಟು, ಸೆರೆಸಿಕ್ಕಾಗ ತಾನೇ ಅಮೆರಿಕನ್ನರ ಕೈಗೊಪ್ಪಿಸಿದ. ಅವನ ಕುತ್ತಿಗೆಗೆ ಹಗ್ಗ ಬಿಗಿದದ್ದು ಆ ಸಂಪುಟಗಳೇ.

ಇನ್ನೂ ಕೆಳಗಿಳಿಯೋಣ. 1942ರ ಜುಲೈ 13ರ ಮುಂಜಾವ, ಪೋಲೆಂಡಿನ ಯೂಜೆಫುವ್ ಎಂಬ ಹಳ್ಳಿ. 101ನೇ ಮೀಸಲು ಪೊಲೀಸ್ ಬೆಟಾಲಿಯನ್ನಿನ ಸುಮಾರು 500 ಮಂದಿ ಲಾರಿಗಳಿಂದಿಳಿದಿದ್ದಾರೆ. ಹೆಚ್ಚಿನವರು ಹ್ಯಾಂಬರ್ಗ್ ಕಡೆಯ ನಡುವಯಸ್ಸಿನ ಸಂಸಾರಸ್ಥರು, ಬಂದರಿನ ಕೆಲಸಗಾರರು, ಲಾರಿ ಚಾಲಕರು, ಗುಮಾಸ್ತರು. ಅವರ ಮುಖ್ಯಸ್ಥ ಮೇಜರ್ ವಿಲ್ಹೆಲ್ಮ್ ಟ್ರಾಪ್ ಮಾತಿಗೆ ನಿಲ್ಲುತ್ತಾನೆ. ಮುಖ ಬಿಳಿಚಿದೆ, ಕಣ್ಣಲ್ಲಿ ನೀರು, ಗಂಟಲು ಕಟ್ಟಿದೆ. ಹಳ್ಳಿಯ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಬೇರ್ಪಡಿಸಿ ಉಳಿದವರನ್ನೆಲ್ಲ, ಹೆಂಗಸರು ಮಕ್ಕಳು ಮುದುಕರನ್ನು, ಗುಂಡಿಟ್ಟು ಕೊಲ್ಲಬೇಕಾಗಿದೆ. ಈ ಕೆಲಸ ತನಗೂ ಇಷ್ಟವಿಲ್ಲ ಎನ್ನುತ್ತಾನೆ. ಆಮೇಲೆ ಕಾರಣ ಕೊಡುತ್ತಾನೆ. ಜರ್ಮನಿಯಲ್ಲಿ ನಮ್ಮ ಹೆಂಗಸರು ಮಕ್ಕಳ ಮೇಲೆ ಬಾಂಬು ಬೀಳುತ್ತಿದೆ. ಜರ್ಮನ್ ಸರಕಿನ ಮೇಲಿನ ಅಮೆರಿಕದ ಬಹಿಷ್ಕಾರಕ್ಕೆ ಯಹೂದಿಗಳೇ ಕಾರಣ. ಈ ಹಳ್ಳಿಯ ಯಹೂದಿಗಳು ಗೆರಿಲ್ಲಾಗಳ ಜೊತೆ ಸೇರಿದ್ದಾರೆ. ಕೊನೆಗೆ, ಹಿರಿಯರಲ್ಲಿ ಯಾರಿಗಾದರೂ ಆಗದಿದ್ದರೆ ಮುಂದೆ ಬರಬಹುದು ಎನ್ನುತ್ತಾನೆ. ಮುಂದೆ ಬಂದವರು ಹತ್ತು ಹನ್ನೆರಡು ಜನ. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸಂಜೆಯಾಗುವುದರಲ್ಲಿ ಸುಮಾರು 1,500 ಯಹೂದಿಗಳು ಕಾಡಿನಲ್ಲಿ ಸತ್ತುಬಿದ್ದಿದ್ದರು.

1960ರ ದಶಕದ ವಿಚಾರಣಾ ಹೇಳಿಕೆಗಳಿಂದ ಈ ಘಟನೆಯನ್ನು ಕಟ್ಟಿಕೊಟ್ಟವರು ಕ್ರಿಸ್ಟಫರ್ ಬ್ರೌನಿಂಗ್. ಅವರ ಪ್ರಕಾರ ಈ ಜನ ಕೊಂದದ್ದು ಬಹುಮಟ್ಟಿಗೆ ಜೊತೆಯವರ ಮುಂದೆ ಹೇಡಿಯೆನಿಸಿಕೊಳ್ಳಬಾರದೆಂದು. ಡೇನಿಯಲ್ ಗೋಲ್ಡ್‌ಹಾಗೆನ್ ಇದನ್ನು ಒಪ್ಪದೆ, ಜರ್ಮನ್ ಸಮಾಜದಲ್ಲಿ ಬೇರೂರಿದ್ದ ಯಹೂದಿದ್ವೇಷವೇ ಕಾರಣವೆಂದರು. ನಾನು ಬ್ರೌನಿಂಗ್ ಕಡೆಗೆ ಹೆಚ್ಚು ವಾಲುತ್ತೇನೆ. ಆದರೆ ಟ್ರಾಪ್‌ನ ಪುಟ್ಟ ಭಾಷಣವನ್ನು ಇಬ್ಬರೂ ಇನ್ನಷ್ಟು ತೂಗಿ ನೋಡಬಹುದಿತ್ತು ಅನ್ನಿಸುತ್ತದೆ. ಅಳುತ್ತ ಮಾತಾಡುವವನು ಯಾರಿಗೆ ಮಂಕುಬೂದಿ ಎರಚಿಯಾನು? ಅವನಿಗೇ ತನ್ನ ಮಾತಿನಲ್ಲಿ ನಂಬಿಕೆ ಸಾಲದು. ಆದರೂ ಅವನ ಬಾಯಿಂದ ಬಂದದ್ದು ಬರ್ಲಿನ್ನಿನ ಪಾಠವೇ: ಮೊದಲು ಹೊಡೆದವರು ಅವರು. ಹಿಟ್ಲರ್‌ನ ಗುಡುಗು, ಗೋಬೆಲ್ಸ್‌ನ ಜಾಣ್ಮೆ ಎಲ್ಲ ಸೋಸಿಹೋಗಿ, ಕೊಲ್ಲಲು ಮನಸ್ಸಿಲ್ಲದವನ ಕೈಗೆ ಕೊನೆಗೆ ಸಿಕ್ಕಿದ್ದು ಮೂರು ನೆಪ. ಜೊತೆಯವರ ಒತ್ತಡಕ್ಕೆ ಮಣಿದವನು ರಾತ್ರಿ ಮಲಗುವಾಗ ತನಗೆ ತಾನೇ ಹೇಳಿಕೊಳ್ಳಲು ಏನಾದರೂ ಬೇಕು. ಅದನ್ನು ಭಾಷಣ ಒದಗಿಸಿತ್ತು.

ಪ್ರತಿ ದೇಶದಲ್ಲೂ ಈ ನೆಪ ಸ್ಥಳೀಯ ವೇಷ ತೊಟ್ಟುಕೊಂಡಿತು. ಸ್ಲೊವಾಕಿಯಾದ ಅಧ್ಯಕ್ಷ ಯೋಜೆಫ್ ಟಿಸೋ ಕ್ಯಾಥಲಿಕ್ ಪಾದ್ರಿ. 1942ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 58,000 ಯಹೂದಿಗಳನ್ನು ಅವನ ಸರ್ಕಾರ ಹೊರಸಾಗಿಸಿತು, ಅದೂ ತಲೆಗೆ 500 ಮಾರ್ಕ್‌ನಂತೆ ಜರ್ಮನಿಗೆ ತಾನೇ ದುಡ್ಡು ಕೊಟ್ಟು. ಆಗಸ್ಟ್ 15ರಂದು ಹೊಲೀಚ್ ಪಟ್ಟಣದಲ್ಲಿ ಸುಗ್ಗಿಯ ಸಭೆ. ಇದು ಕ್ರೈಸ್ತ ಧರ್ಮಕ್ಕೆ ಸಮ್ಮತವೇ, ಮನುಷ್ಯತ್ವವೇ ಎಂದು ಜನ ಕೇಳುತ್ತಾರೆ ಎಂದು ಟಿಸೋ ತಾನೇ ಪ್ರಶ್ನೆ ಎತ್ತಿದ. ಉತ್ತರವನ್ನೂ ತಾನೇ ಕೊಟ್ಟ: ತನ್ನನ್ನು ತಾನು ಪ್ರೀತಿಸಿಕೊಳ್ಳುವುದು ದೇವರ ಆಜ್ಞೆ, ಆ ಪ್ರೀತಿ ನನ್ನ ಬದುಕಿಗೆ ಕೇಡು ತರುವವರನ್ನು ದೂರವಿಡು ಎನ್ನುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯಲ್ಲಿ ‘ನಿನ್ನಂತೆಯೇ’ ಎಂಬುದನ್ನು ಮಾತ್ರ ಉಳಿಸಿಕೊಂಡು ನೆರೆಯವನನ್ನು ರೈಲು ಹತ್ತಿಸಿದ ಧರ್ಮಶಾಸ್ತ್ರ ಅದು.

ಫ್ರಾನ್ಸಿನಲ್ಲಿ ವೇಷ ಇನ್ನೂ ನಾಜೂಕು. 1942ರ ಜುಲೈನಲ್ಲಿ ಜರ್ಮನ್ನರು ಮೊದಲು ಕೇಳಿದ್ದು ದೊಡ್ಡವರನ್ನು. ಹದಿನಾರರೊಳಗಿನ ಮಕ್ಕಳೂ ಹೋಗಲಿ ಎಂದವನು ಪ್ರಧಾನಿ ಪಿಯೆರ್ ಲವಾಲ್. ಮಂತ್ರಿಮಂಡಲದಲ್ಲಿ ಅವನು ಕೊಟ್ಟ ಕಾರಣ ಮಾನವೀಯತೆ, ಸಂಸಾರಗಳನ್ನು ಒಡೆಯಬಾರದು ಎಂಬುದು. ಅದೇ ತಿಂಗಳ 16 ಮತ್ತು 17ರಂದು ಪ್ಯಾರಿಸ್ ಪೊಲೀಸರು ಹಿಡಿದ 13,152 ಯಹೂದಿಗಳಲ್ಲಿ ಮಕ್ಕಳೇ ನಾಲ್ಕು ಸಾವಿರಕ್ಕಿಂತ ಹೆಚ್ಚು. ಕಡೆಗೆ ಮಕ್ಕಳನ್ನು ತಾಯಂದಿರಿಂದ ಕಿತ್ತೇ ಕಳಿಸಿದರು.

ನನ್ನ ವಾದಕ್ಕೆ ಪೂರ್ತಿ ಹೊಂದದ ಒಂದು ಉದಾಹರಣೆಯನ್ನೂ ಹೇಳಲೇಬೇಕು. ರೊಮೇನಿಯಾದ ಉಪಪ್ರಧಾನಿ ಮಿಹಾಯ್ ಆಂಟೊನೆಸ್ಕು 1941ರ ಜುಲೈ 8ರ ಮಂತ್ರಿಮಂಡಲದ ಸಭೆಯಲ್ಲಿ, ಇತಿಹಾಸ ನಮ್ಮನ್ನು ಅನಾಗರಿಕರೆಂದರೂ ಚಿಂತೆಯಿಲ್ಲ, ಇಂಥ ಅವಕಾಶ ಮತ್ತೆ ಸಿಗದು, ಬೇಕಾದರೆ ಮಷೀನ್‌ಗನ್ ಬಳಸಿ ಎಂದುಬಿಟ್ಟ. ಅಲ್ಲಿ ಸೋಗಿಲ್ಲ. ಬಾಗಿಲು ಮುಚ್ಚಿದ ಕೋಣೆಯಾದ್ದರಿಂದ ಸೋಗು ಬೇಕಿರಲಿಲ್ಲ ಎಂದು ಹೇಳಿ ನುಣುಚಿಕೊಳ್ಳಬಹುದು. ಆದರೆ ಎಲ್ಲಕ್ಕಿಂತ ಗುಪ್ತವಾಗಿ ಮಾಡಿದ ಭಾಷಣದಲ್ಲೇ ಸೋಗು ಎಲ್ಲಕ್ಕಿಂತ ಗಾಢವಾಗಿದೆ. 1943ರ ಅಕ್ಟೋಬರ್ 4ರಂದು ಪೋಜ್ನಾನ್‌ನಲ್ಲಿ ಎಸ್‌ಎಸ್ ಎಂಬ ನಾಜಿ ಪಡೆಯ ಮುಖ್ಯಸ್ಥ ಹಿಮ್ಲರ್ ಸುಮಾರು 90 ಎಸ್‌ಎಸ್ ಹಿರಿಯ ಅಧಿಕಾರಿಗಳ ಮುಂದೆ ಮೂರು ಗಂಟೆ ಮಾತಾಡಿದ. ಅದರಲ್ಲಿ ಕೆಲವೇ ನಿಮಿಷ ಯಹೂದಿಗಳ ಕೊಲೆಯದು. ಇದನ್ನು ಹೊರಗೆ ಎಂದೂ ಆಡಬಾರದು ಎಂದು ಅವನೇ ಹೇಳುತ್ತಾನೆ. ಆದರೂ ಧ್ವನಿಮುದ್ರಣ ಮಾಡಿಸಿದ್ದಾನೆ. ಎಂಟು ಕೋಟಿ ಜರ್ಮನ್ನರಲ್ಲಿ ಒಬ್ಬೊಬ್ಬನಿಗೂ ತನಗೆ ಗೊತ್ತಿರುವ ಒಬ್ಬ ಒಳ್ಳೆಯ ಯಹೂದಿ ಇದ್ದಾನೆ, ಮಿಕ್ಕವರೆಲ್ಲ ಹಂದಿಗಳು, ಇವನೊಬ್ಬ ಮಾತ್ರ ಅಪ್ಪಟ ಬಂಗಾರ ಎನ್ನುತ್ತಾರೆ ಎಂದು ಗೊಣಗುತ್ತಾನೆ. ಹತ್ತು ವರ್ಷದ ಪ್ರಚಾರದ ನಂತರವೂ ದ್ವೇಷ ಮುಖಪರಿಚಯದ ಮುಂದೆ ಸೋಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆಮೇಲೆ ಬರುತ್ತದೆ ಅದೇ ಹಳೆಯ ಮಾತು: ನಮ್ಮನ್ನು ಕೊಲ್ಲಬಯಸಿದ ಜನವನ್ನು ಕೊಲ್ಲುವ ನೈತಿಕ ಹಕ್ಕು ನಮಗಿತ್ತು, ಅದು ನಮ್ಮ ಜನರ ಕಡೆಗಿನ ಕರ್ತವ್ಯವಾಗಿತ್ತು. ಎರಡು ದಿನದ ಬಳಿಕ ಪಕ್ಷದ ಮುಖಂಡರ ಮುಂದೆ ಮಕ್ಕಳ ಪ್ರಶ್ನೆಯನ್ನೂ ಬಿಡಿಸಿದ. ಅಪ್ಪಂದಿರನ್ನು ಕೊಂದು, ಸೇಡು ತೀರಿಸಿಕೊಳ್ಳಲು ಮಕ್ಕಳನ್ನು ಬೆಳೆಯಬಿಡುವ ಹಕ್ಕು ತನಗಿಲ್ಲ ಎಂದ. ಇನ್ನೂ ಮಾಡದ, ಇನ್ನೂ ಹುಟ್ಟದ ಸೇಡಿನ ವಿರುದ್ಧ ಆತ್ಮರಕ್ಷಣೆ! ಕೇಳಿದವರು ಕೊಲೆಯನ್ನು ಈಗಾಗಲೇ ಮಾಡುತ್ತಿದ್ದವರು, ಮಾಡಿಸುತ್ತಿದ್ದವರು. ಅವರಿಗೂ ನೆಪ ಬೇಕಿತ್ತು.

ಭಾಷಣಕ್ಕೆ ಇಷ್ಟು ತೂಕ ಕೊಡುವುದು ಅತಿಯಾಯಿತು, ಕೊಂದದ್ದು ಆದೇಶ, ರೈಲು, ಅನಿಲ ಎಂದು ಆಕ್ಷೇಪಿಸಬಹುದು. ಆಡಳಿತಯಂತ್ರದ ಒಳಜಗಳ, ಯುದ್ಧರಂಗದ ಒತ್ತಡಗಳಿಂದಲೇ ಎಲ್ಲವನ್ನೂ ವಿವರಿಸುವ ಇತಿಹಾಸಕಾರರ ಒಂದು ಪಂಥವೇ ಇದೆ. ಅವರ ಕೆಲಸದಿಂದ ನಾವು ಕಲಿತದ್ದು ಬಹಳ. ಆದರೆ ಯಂತ್ರ ನಡೆಸುವವರು ಮನುಷ್ಯರು, ಮತ್ತು ಬೇರೆ ಮಾತು ಕೇಳಿಸಿದ ಕಡೆ ಅದೇ ಯಂತ್ರ ಕೆಲವೊಮ್ಮೆ ನಿಂತಿದೆ. ಬಲ್ಗೇರಿಯಾ ಜರ್ಮನಿಯ ಮಿತ್ರರಾಷ್ಟ್ರ. ಅಲ್ಲಿನ ಸಂಸತ್ತಿನ ಉಪಾಧ್ಯಕ್ಷ ದಿಮಿತರ್ ಪೆಶೆವ್ ಯಹೂದಿವಿರೋಧಿ ಕಾನೂನನ್ನು ಬೆಂಬಲಿಸಿದ್ದವರೇ. 1943ರ ಮಾರ್ಚ್‌ನಲ್ಲಿ ತಮ್ಮ ಊರಾದ ಕ್ಯುಸ್ತೆಂದಿಲ್‌ನಿಂದ ಬಂದ ಪರಿಚಯಸ್ಥರು ಗಡೀಪಾರಿನ ಸುದ್ದಿ ಹೇಳಿದಾಗ ಅವರು ಎದ್ದುನಿಂತರು. ಆಳುವ ಪಕ್ಷದವರೂ ಸೇರಿ 43 ಸದಸ್ಯರ ಸಹಿಯ ಪತ್ರ ಪ್ರಧಾನಿಗೆ ಹೋಯಿತು: ಇದು ದೇಶಕ್ಕೆ ಅಳಿಸಲಾಗದ ಕಳಂಕ. ಪೆಶೆವ್ ಪದವಿ ಕಳೆದುಕೊಂಡರು. ಹಳೆಯ ಗಡಿಯೊಳಗಿನ ಸುಮಾರು 48,000 ಯಹೂದಿಗಳು ಉಳಿದರು. ಬಲ್ಗೇರಿಯಾ ಆಕ್ರಮಿಸಿಕೊಂಡಿದ್ದ ಥ್ರೇಸ್ ಮತ್ತು ಮ್ಯಾಸಿಡೋನಿಯಾ ಕಡೆಯ 11,343 ಮಂದಿ ಉಳಿಯಲಿಲ್ಲ. ಅವರ ಪರ ಮಾತಾಡುವ ಸಂಸದರು ಅಲ್ಲಿರಲಿಲ್ಲ. ಫ್ರಾನ್ಸಿನ ತುಲೂಸ್‌ನಲ್ಲಿ ಪಾರ್ಶ್ವವಾಯು ಬಡಿದು ಮಾತೇ ಸರಿಯಾಗಿ ಹೊರಡದಿದ್ದ ಆರ್ಚ್‌ಬಿಷಪ್ ಸಾಲಿಯೇಜ್ ಬರೆದ ಪುಟ್ಟ ಪತ್ರವನ್ನು ಸರ್ಕಾರದ ತಡೆಯನ್ನೂ ಮೀರಿ 1942ರ ಆಗಸ್ಟ್ 23ರಂದು ಚರ್ಚುಗಳಲ್ಲಿ ಓದಲಾಯಿತು. ಇವರೂ ಮನುಷ್ಯರು, ನಮ್ಮ ಸಹೋದರರು ಎಂಬುದಷ್ಟೇ ಅದರ ಸಾರ. ಆ ಭಾಗದ ಮಠಗಳೂ ಮನೆಗಳೂ ಯಹೂದಿ ಮಕ್ಕಳನ್ನು ಬಚ್ಚಿಟ್ಟವು. ಈ ಎರಡೂ ಪತ್ರಗಳು ಮಾಡಿದ ಕೆಲಸ ಒಂದೇ: ‘ಇವರಿಂದ ನಮಗೆ ಅಪಾಯ’ ಎಂಬ ನೆಪವನ್ನು ಕೇಳುಗರ ಕೈಯಿಂದ ತೆಗೆದುಹಾಕಿದ್ದು.

ಇಲ್ಲಿ ನಮ್ಮ ದೇಶದ ಹೆಸರೂ ಒಮ್ಮೆ ಬಂದುಹೋಗುತ್ತದೆ. 1942ರ ಡಿಸೆಂಬರ್ 17ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ವಿದೇಶಾಂಗ ಸಚಿವ ಆಂಟನಿ ಈಡನ್ ಯಹೂದಿಗಳ ಸಾಮೂಹಿಕ ಕೊಲೆಯನ್ನು ಖಂಡಿಸುವ ಮಿತ್ರರಾಷ್ಟ್ರಗಳ ಹೇಳಿಕೆ ಓದಿದರು. ಸದನ ಎದ್ದು ಮೌನವಾಗಿ ನಿಂತಿತು. ಈ ಆರೋಪಗಳಿಗೆ ಉತ್ತರವಿಲ್ಲವೆಂದು ಗೋಬೆಲ್ಸ್‌ಗೆ ಗೊತ್ತಿತ್ತು. ಅದೇ ತಿಂಗಳು ತನ್ನ ಇಲಾಖೆಯ ಸಭೆಗಳಲ್ಲಿ ಅವನು ಕೊಟ್ಟ ಸೂಚನೆ, ಭಾರತದಲ್ಲಿ, ಇರಾನಿನಲ್ಲಿ, ಈಜಿಪ್ಟಿನಲ್ಲಿ ಬ್ರಿಟಿಷರ ದೌರ್ಜನ್ಯದ ಬಗ್ಗೆ ಗದ್ದಲವೆಬ್ಬಿಸಿ, ಯಹೂದಿಗಳ ಮಾತು ಅದರಲ್ಲಿ ಮುಳುಗಿಹೋಗಲಿ ಎಂಬುದು. ಕ್ವಿಟ್ ಇಂಡಿಯಾ ವರ್ಷ ಅದು. ನಮ್ಮಲ್ಲಿ ಗುಂಡೇಟು, ಲಾಠಿ, ಸೆರೆಮನೆ ಎಲ್ಲವೂ ನಿಜವೇ ಆಗಿತ್ತು. ಅನುಭವಿಸಿದವರ ನಿಜವಾದ ನೋವನ್ನೇ ಇನ್ನೊಂದು ಕೊಲೆಯ ಮುಂದೆ ಪರದೆಯಾಗಿ ಕಟ್ಟಿದರು.

ಯುದ್ಧ ಮುಗಿದ ಮೇಲೆ ಮಾತಿಗೂ ಶಿಕ್ಷೆಯಾಗಬೇಕೇ ಎಂಬ ಪ್ರಶ್ನೆ ನ್ಯೂರೆಂಬರ್ಗ್‌ನ ಯುದ್ಧಾಪರಾಧ ನ್ಯಾಯಾಲಯದ ಮುಂದೆ ಬಂತು. ಇಬ್ಬರ ಪ್ರಕರಣ ಅಲ್ಲಿ ಅಕ್ಕಪಕ್ಕದಲ್ಲಿತ್ತು. ಒಬ್ಬ ಯೂಲಿಯಸ್ ಸ್ಟ್ರೈಖರ್, ‘ಡೇರ್ ಸ್ಟ್ಯುರ್ಮರ್’ ಎಂಬ ಹೊಲಸು ಪತ್ರಿಕೆಯ ಒಡೆಯ. 1940ರಲ್ಲೇ ಅವನನ್ನು ಪಕ್ಷದ ಹುದ್ದೆಯಿಂದ ಇಳಿಸಲಾಗಿತ್ತು, ಕೊಲೆಯ ಆದೇಶಗಳಲ್ಲಿ ಅವನ ಸಹಿ ಇರಲಿಲ್ಲ. ಆದರೆ ಕೊಲೆಗಳ ಸುದ್ದಿ ಬರುತ್ತಿದ್ದ ಸ್ವಿಸ್ ಯಹೂದಿ ಪತ್ರಿಕೆಯೊಂದನ್ನು ತರಿಸಿ ಓದುತ್ತ, ಎಲ್ಲ ತಿಳಿದೂ ನಿರ್ನಾಮಕ್ಕೆ ಕರೆ ಕೊಡುತ್ತ ಹೋಗಿದ್ದ. ಅವನನ್ನು ಗಲ್ಲಿಗೇರಿಸಿದರು. ಇನ್ನೊಬ್ಬ ಹಾನ್ಸ್ ಫ್ರಿಟ್ಷೆ, ಗೋಬೆಲ್ಸ್ ಇಲಾಖೆಯ ಬಾನುಲಿ ವ್ಯಾಖ್ಯಾನಕಾರ, ಮನೆಮನೆಗೂ ಪರಿಚಯವಿದ್ದ ಹಿತವಾದ ದನಿ. ಅವನು ಯಹೂದಿಗಳನ್ನು ಕೊಲ್ಲಿ ಎಂದು ಎಂದೂ ಹೇಳಲಿಲ್ಲ. ಯುದ್ಧಕ್ಕೆ ಯಹೂದಿಗಳೇ ಕಾರಣ, ಫ್ಯೂರರ್ ಮುಂಚೆಯೇ ಹೇಳಿದಂತೆ ಅವರ ಗತಿ ಅಹಿತಕರವಾಗಿದೆ ಎಂದ, ಅಷ್ಟೆ. ಸ್ಟ್ರೈಖರ್‌ನ ಪತ್ರಿಕೆಯನ್ನು ನಿಲ್ಲಿಸಲು ಎರಡು ಸಲ ಯತ್ನಿಸಿದ್ದನೆಂಬ ಸಾಕ್ಷ್ಯವೂ ಬಂತು. ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಸೋವಿಯತ್ ನ್ಯಾಯಾಧೀಶ ನಿಕಿಚೆಂಕೊ ಮಾತ್ರ ಒಪ್ಪಲಿಲ್ಲ.

ಕಾನೂನಿನ ದೃಷ್ಟಿಯಿಂದ ಆ ಖುಲಾಸೆ ತಪ್ಪೆಂದು ನನಗನ್ನಿಸುವುದಿಲ್ಲ. ನೇರ ಪ್ರಚೋದನೆ ಇಲ್ಲದೆ ಮಾತಿಗೆ ಮರಣದಂಡನೆ ಕೊಡಲು ಶುರುಮಾಡಿದರೆ ಅದು ಯಾವ ಸರ್ಕಾರದ ಕೈಯಲ್ಲಿ ಏನಾದೀತೆಂದು ಊಹಿಸಬಹುದು. 1948ರ ನರಮೇಧ ವಿರೋಧಿ ಒಪ್ಪಂದ ಕೂಡ ‘ನೇರ ಮತ್ತು ಬಹಿರಂಗ’ ಪ್ರಚೋದನೆಯನ್ನಷ್ಟೇ ಅಪರಾಧವೆಂದು ಬರೆಯಿತು. ಆದರೆ ಹ್ಯಾಂಬರ್ಗ್‌ನ ಆ ಲಾರಿ ಚಾಲಕ, ಆ ಗುಮಾಸ್ತ ‘ಡೇರ್ ಸ್ಟ್ಯುರ್ಮರ್’ ಓದಿ ಯೂಜೆಫುವ್‌ನಲ್ಲಿ ಬಂದೂಕು ಎತ್ತಿದರೆಂದು ನಾನು ನಂಬಲಾರೆ. ಆ ಪತ್ರಿಕೆ ಎಷ್ಟೋ ಮರ್ಯಾದಸ್ಥ ಜರ್ಮನ್ನರಿಗೇ ಅಸಹ್ಯವಾಗಿತ್ತು. ಟ್ರಾಪ್‌ನ ಬಾಯಲ್ಲಿ ಬಂದ ಮೂರು ಕಾರಣಗಳು ಫ್ರಿಟ್ಷೆಯ ಜಾತಿಯವು, ಊಟದ ಮೇಜಿನ ಪಕ್ಕದ ರೇಡಿಯೋದಿಂದ ಮೆಲುದನಿಯಲ್ಲಿ ಬಂದವು. ನಾಜಿ ಪ್ರಭಾವವನ್ನು ತೊಡೆಯಲು ಜರ್ಮನಿಯಲ್ಲಿ ರಚಿಸಿದ ನ್ಯಾಯಾಲಯವೊಂದು ಆಮೇಲೆ ಫ್ರಿಟ್ಷೆಗೆ ಒಂಬತ್ತು ವರ್ಷದ ಶಿಕ್ಷೆ ಕೊಟ್ಟಿತು, 1950ರಲ್ಲಿ ಬಿಡುಗಡೆಯಾದ. ಟ್ರಾಪ್‌ನನ್ನು ಪೋಲೆಂಡಿನಲ್ಲಿ 1948ರಲ್ಲಿ ಗಲ್ಲಿಗೇರಿಸಿದರು. ಆದರೆ ವಿಚಾರಣೆ ನಡೆದದ್ದು 78 ಪೋಲಿಷರನ್ನು ಸೇಡಿಗಾಗಿ ಕೊಲ್ಲಿಸಿದ್ದಕ್ಕೆ. ಯೂಜೆಫುವ್‌ನ ಯಹೂದಿಗಳಾಗಲಿ, ಅಂದು ಮುಂಜಾನೆ ಅವನು ಆಡಿದ ಮಾತಾಗಲಿ ಆ ಆರೋಪಪಟ್ಟಿಯಲ್ಲಿರಲಿಲ್ಲ.